ದೀಪ ದೊಡ್ಡದಾಗ್ತೈತ್ರಿ

ಏಪ್ರಿಲ್ 4, ಶುಕ್ರವಾರ

ಬೆಳಿಗ್ಗೆ ತಿಂಡಿ ಮುಗಿಸಿ ಕೂತವನು ಬಳಗಕ್ಕೆ ನಿಯಮ ಬರೆದು ಹಾಕಿಯೇ ಎದ್ದೆ. ಒಟ್ಟು ಹನ್ನೊಂದು ನಿಯಮ. ಇನ್ನು ಮೇಲೆ ಯಾರೇ ಆಗಲಿ, ರಿಪೇರಿ ಬಗ್ಗೆ ಕೇಳೋದಾದರೆ ಇವನ್ನು ಓದಿಯೇ ಕೇಳಬೇಕು.

ಫೋನಿನಲ್ಲಿರೋ ನಮ್ಮ 'ಗ್ಯಾಸ್‌ಲೈಟ್ ಬಳಗ'ದಲ್ಲಿ ಸಾವಿರದ ಮೇಲೆ ಜನ ಇದ್ದಾರೆ. ಸೀಮೆಎಣ್ಣೆಯೇ ಸಿಗದ ಈ ಕಾಲದಲ್ಲಿ ಪಂಪು ಹೊಡೆದು ಹಚ್ಚೋ ಹಳೇ ಗ್ಯಾಸ್‌ಲೈಟು, ಪಂಪ್ ಸ್ಟವ್ವು ಇಟ್ಟುಕೊಂಡು ಉಜ್ಜಿ ಹೊಳೆಸೋ ನನ್ನಂಥ ಹುಚ್ಚರು. ನಾನೂ ದಾವಣಗೆರೆ ಮಂಡಿಪೇಟೆಯ ಪಾತ್ರೆ ಅಂಗಡಿ ಪ್ರಶಾಂತನೂ ಅದರ ಉಸ್ತುವಾರಿ ನೋಡ್ತೀವಿ. ಅಂದರೆ ನಾನು ನೋಡ್ತೀನಿ, ಅವನು ನಗ್ತಾನೆ.

ನಿನ್ನೆ ಹನುಮಂತಪ್ಪ ಅನ್ನೋನೊಬ್ಬ, 'ಸರ್ ಸ್ಟವ್ ಸೊಂಯ್ ಅಂತೈತೆ ಏನ್ ಮಾಡ್ಲಿ' ಅಂತ ಬರೆದಿದ್ದ. ಅಷ್ಟೇ. ಯಾವ ಸ್ಟವ್ವು, ಯಾವಾಗಿಂದ, ಬಿಚ್ಚಿದ್ದೀಯಾ ಇಲ್ಲವಾ, ಒಂದೂ ಇಲ್ಲ. ಸೊಂಯ್ ಅಂದರೆ ನಾನೇನು ಜ್ಯೋತಿಷ್ಯ ಹೇಳಬೇಕಾ? ಅಳಿಸಿಹಾಕಿದೆ. ಮೂವತ್ತೊಂದು ವರ್ಷ ಐಟಿಐನಲ್ಲಿ ಫಿಟ್ಟರ್ ಹುಡುಗರಿಗೆ ಪಾಠ ಮಾಡಿದವನು ನಾನು. ಪ್ರಶ್ನೆ ಕೇಳೋದು ಬರದವನಿಗೆ ಸ್ಪ್ಯಾನರ್ ಹಿಡಿಯೋದೂ ಬರಲ್ಲ ಅಂತ ಅವತ್ತೂ ಹೇಳ್ತಿದ್ದೆ, ಇವತ್ತೂ ಅದೇ ಮಾತು.

ಎರಡನೇ ನಿಯಮ: ಫೋಟೋ ಇಲ್ಲದೆ ಕೇಳಬೇಡಿ. ನಾಲ್ಕನೇದು: 'ಅರ್ಜೆಂಟ್' ಅನ್ನೋ ಪದ ಬಳಸಬೇಡಿ. ಆರನೇದು: ಮನೆ ಕಥೆ ಬೇಡ, ಯಂತ್ರದ ಕಥೆ ಮಾತ್ರ ಹೇಳಿ. ನನಗೆ ಬಹಳ ಹಿಡಿಸಿದ್ದು ಒಂಬತ್ತನೇದು: ಉತ್ತರ ಇಸಕೊಂಡು ಮಾಯವಾಗಬೇಡಿ, ರಿಪೇರಿ ಆದ ಮೇಲೆ ಬಂದು ಫಲಿತಾಂಶ ತಿಳಿಸಿ, ಅರ್ಧಕ್ಕೆ ಬಂದು ಗೋಳಾಡಬೇಡಿ, ಹತ್ತು ದಿನದೊಳಗೆ ತಿಳಿಸದವರನ್ನು ಬಳಗದಿಂದ ತೆಗೆಯಲಾಗುವುದು.

ಪ್ರಶಾಂತ ಫೋನ್ ಮಾಡಿ, "ಸರ್, ಇದೇನು ಬಳಗನೋ ಪೊಲೀಸ್ ಸ್ಟೇಷನ್ನೋ?" ಅಂದ. ಶಿಸ್ತು ಅಂದರೆ ಈಗಿನವರಿಗೆ ತಮಾಷೆ. ಇಟ್ಟುಬಿಡು ಫೋನು ಅಂದೆ.

ಏಪ್ರಿಲ್ 9, ಬುಧವಾರ

ನಿಯಮ ಹಾಕಿ ಐದೇ ದಿನ, ಬಂತು ನೋಡು ಒಂದು. ಕೊಟ್ರವ್ವ ಅಂತೆ, ಹರಿಹರದಾಕೆ. ಬಾಯಲ್ಲಿ ಹೇಳಿ ಫೋನಿನಿಂದಲೇ ಬರೆಸಿರಬೇಕು, ಎಲ್ಲಿಯೂ ಚುಕ್ಕೆ ಇಲ್ಲ, ಉಸಿರು ಬಿಡೋ ಜಾಗ ಇಲ್ಲ. ಇದ್ದಂಗೇ ಇಲ್ಲಿ ಇಳಿಸ್ತೀನಿ:

'ಅಣ್ಣಾರೆ ನಮಸ್ಕಾರ್ರಿ ನಮ್ಮಪ್ಪಾರ ಕಾಲದ ಗ್ಯಾಸ್ ಲೈಟು ಐತ್ರಿ ಹಚ್ಚಿದ್ರ ಹತ್ತು ನಿಮಿಷಕ್ಕ ದೀಪ ದೊಡ್ಡದಾಗ್ತೈತ್ರಿ ಏನ್ ಮಾಡಬೇಕ್ರಿ ಸೋಮವಾರ ಮಗಳ ಮದಿವಿ ಐತ್ರಿ ಮೆರವಣಿಗಿಗೆ ಇದ ದೀಪ ಹಿಡೀಬೇಕಂತ ಆಸೆ ಐತ್ರಿ ಅರ್ಜೆಂಟ್ ಐತ್ರಿ'

ಒಂದೇ ಏಟಿಗೆ ಎರಡು, ನಾಲ್ಕು, ಆರು, ಮೂರೂ ನಿಯಮ ಮುರಿದಿದ್ದಾಳೆ. ಅಪ್ಪನ ಕಾಲ, ಮಗಳ ಮದುವೆ, ಮೆರವಣಿಗೆ, ಆಸೆ! ನಾವೇನು ಲಗ್ನಪತ್ರಿಕೆ ಓದೋಕೆ ಕೂತಿದ್ದೀವಾ? ಆ ಭಾಗ ಅಷ್ಟನ್ನೂ ಹೊಡೆದುಹಾಕಿ, 'ದೀಪ ಹತ್ತು ನಿಮಿಷಕ್ಕೆ ದೊಡ್ಡದಾಗುತ್ತದೆ' ಅನ್ನೋದಷ್ಟನ್ನೇ ಉಳಿಸಿದೆ. ಕೆಳಗೆ, 'ನಿಯಮ ಓದಿ, ಫೋಟೋ ಹಾಕಿ, ಆಮೇಲೆ ಕೇಳಿ' ಅಂತ ಬರೆದೆ. ಪ್ರಶ್ನೆ ಈಗ ನೋಡೋಕೆ ಅಚ್ಚುಕಟ್ಟಾಗಿದೆ.

ಏಪ್ರಿಲ್ 10, ಗುರುವಾರ

ಈಯಮ್ಮ ಬೆಳಿಗ್ಗೆನೇ 'ತಪ್ಪಾತ್ರಿ ಅಣ್ಣಾರೆ' ಅಂತ ಫೋಟೋ ಹಾಕಿದ್ದಳು. ಹಿತ್ತಾಳೆ ಟ್ಯಾಂಕಿನ ಹಳೇ ಮಾಲು, ಸೊಗಸಾಗಿದೆ. ಹುಣಸೇಹಣ್ಣು ಹಾಕಿ ಉಜ್ಜಿದ್ದಾರೆ ಅಂತ ನೋಡಿದ ಕೂಡಲೇ ಗೊತ್ತಾಗ್ತದೆ.

ಜ್ವಾಲೆ ದೊಡ್ಡದಾಗೋದು ಯಾಕೆ? ಮೊದಲು ಲೈಟಿನೊಳಗಿನ ಪುಟ್ಟ ಬಟ್ಟಲಲ್ಲಿ ಸ್ಪಿರಿಟ್ ಸುಟ್ಟು ಕಾಯಿಸಬೇಕಲ್ಲ, ಅದನ್ನು ಅರೆಬರೆ ಮಾಡಿದರೆ ಎಣ್ಣೆ ಆವಿಯಾಗದೆ ಹಸಿಹಸಿಯಾಗಿ ಮೇಲೆ ಹೋಗಿ ಭುಗ್ ಅಂತದೆ. ಎರಡೇ ಸಾಲಿನಲ್ಲಿ ಉತ್ತರ ಕೊಟ್ಟೆ: 'ಕಾದದ್ದು ಸಾಲದು. ಗಾಳಿ ಬಿಟ್ಟು, ಬಟ್ಟಲಿಗೆ ಇನ್ನೊಂದು ಸಲ ಸ್ಪಿರಿಟ್ ಹಾಕಿ ಕಾಯಿಸಿ ಹಚ್ಚಿ.' 'ಆಗ್ಲಿ ಅಣ್ಣಾರೆ, ನಿಮ್ಮ ಹೊಟ್ಟಿ ತಣ್ಣಗಿರ್ಲಿ' ಅಂದಳು.

ಹನ್ನೊಂದು ಪದದಲ್ಲಿ ಮುಗಿಸಿದೆ. ಹಿಂಗೆ ಕೇಳಿದರೆ ಹಿಂಗೆ ಉತ್ತರ ಸಿಗ್ತದೆ ಅಂತ ಎಲ್ಲರಿಗೂ ಮಾದರಿ ಆಯಿತು.

ಏಪ್ರಿಲ್ 20, ಭಾನುವಾರ

ಹತ್ತು ದಿನ ತುಂಬಿತು. ಕೊಟ್ರವ್ವನಿಂದ ಸುದ್ದಿ ಇಲ್ಲ, ಸುಳಿವಿಲ್ಲ. ಕೆಲಸ ಆಗೋ ತನಕ ಅಣ್ಣಾರೆ, ಆದ ಮೇಲೆ ಯಾರೋ ಏನೋ. ಒಂಬತ್ತನೇ ನಿಯಮದ ಪ್ರಕಾರ ಹೆಸರು ತೆಗೆದು ಮಾತುಕತೆಯನ್ನೂ ಅಳಿಸಿದೆ. ಬೇಜಾರೇನಿಲ್ಲ, ನಿಯಮ ಜಾರಿಯಾದದ್ದು ಇದೇ ಮೊದಲು ಅಂತ ಮನಸ್ಸಿಗೆ ಸ್ವಲ್ಪ ಖುಷಿಯೇ ಆಯಿತು.

ಹೆಂಡತಿ ಕಸ್ತೂರಿ ಇವತ್ತು ಮಾವಿನಕಾಯಿ ಚಿತ್ರಾನ್ನ ಮಾಡಿದ್ದಳು. ಎರಡು ಸಲ ಹಾಕಿಸಿಕೊಂಡೆ.

ಏಪ್ರಿಲ್ 22, ಮಂಗಳವಾರ



ಬೆಳಿಗ್ಗೆ ಶಾಮನೂರಿನಲ್ಲಿ ಕಸ್ತೂರಿಯ ತಮ್ಮನ ಹೊಸ ಮನೆ ಗೃಹಪ್ರವೇಶಕ್ಕೆ ಹೊರಟಿದ್ದೆವು. ಅವಳು ಆಗಲೇ ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹತ್ತಿರ ನಿಂತಿದ್ದಳು. ಅಲ್ಲಿಂದಲೇ ಕೂಗಿದಳು: "ರೀ, ದೇವರ ಮುಂದಿನ ದೀಪ ಹಂಗೇ ಐತೆ. ಪರದೆ ಹಾರಾಡ್ತೈತೆ, ಒಂಚೂರು ದೊಡ್ಡದು ಮಾಡಿ ಬಂದ್ಬಿಡ್ರಿ."

ಒಳಗೆ ಹೋದೆ. ಪೂಜೆ ತಟ್ಟೆಯಿಂದ ಒಂದು ಕಣಗಲ ಹೂವು ತಗೊಂಡು ಬತ್ತಿ ಮೇಲೆ ಇಟ್ಟು ದೀಪ ಆರಿಸಿದೆ. ಹೊಗೆ ಮೇಲೆ ಏಳೋದು ನೋಡ್ತಾ ನಿಂತೆ. ಆಗ ಕೊಟ್ರವ್ವನ ಮಾತು ನೆನಪಾಯಿತು: 'ದೀಪ ದೊಡ್ಡದಾಗ್ತೈತ್ರಿ.'

ದೊಡ್ಡದು ಮಾಡೋದು ಅಂದರೆ ಆರಿಸೋದು. ನಮ್ಮವ್ವ ಹಂಗೇ ಅಂತಿದ್ದಳು, ಕಸ್ತೂರಿ ಹಂಗೇ ಅಂತಾಳೆ, ನಾನೂ ಹುಟ್ಟಿದಾಗಿಂದ ಹಂಗೇ ಅಂತೀನಿ. ದೀಪ ಆರಿತು, ನಂದಿತು ಅನ್ನಬಾರದು, ಕೆಟ್ಟ ಮಾತು. ಬಳೆ ಒಡೆದರೂ ಒಡೆದವು ಅನ್ನಲ್ಲ, ಹೆಚ್ಚಾದವು ಅಂತೀವಿ. ಮದುವೆ ಮನೆ ಹೆಂಗಸು, ಅದೂ ಮಗಳ ಮುಂದೆ ಹಿಡಿಯೋ ದೀಪ, 'ಹತ್ತು ನಿಮಿಷಕ್ಕೆ ಆರಿಹೋಗ್ತೈತೆ' ಅಂತ ಯಾವ ಬಾಯಿಂದ ಅಂತಾಳೆ?

ಆಕೆಯ ದೀಪ ಉರಿದು ಉರಿದು ಏಳ್ತಿರಲಿಲ್ಲ. ಆರ್ತಿತ್ತು. ನಾನು ಹೇಳಿದ್ದು ಅದಕ್ಕೆ ತದ್ವಿರುದ್ಧ. ಮದುವೆ ಮಾತು ಕಣ್ಣ ಮುಂದೆ ಇದ್ದಿದ್ದರೆ ನನಗೆ ಹೊಳೀತಿತ್ತೇನೋ. ಅದನ್ನೇ ಮನೆ ಕಥೆ ಅಂತ ಹೊಡೆದುಹಾಕಿದ್ದೆನಲ್ಲ.

ಗೃಹಪ್ರವೇಶದಲ್ಲಿ ಏನು ತಿಂದೆ, ಯಾರ ಜೊತೆ ಮಾತಾಡಿದೆ, ಗೊತ್ತಿಲ್ಲ. "ಯಾಕ್ರೀ, ಮೈ ಸರಿಯಿಲ್ಲೇನು?" ಅಂತ ಕಸ್ತೂರಿ ಮೂರು ಸಲ ಕೇಳಿದಳು. ಬಿಸಿಲು ಅಂದೆ.

ಏಪ್ರಿಲ್ 23, ಬುಧವಾರ

ಮನಸ್ಸು ತಡೆಯಲಿಲ್ಲ. ಕಸ್ತೂರಿ ತರಕಾರಿಗೆ ಹೋದಾಗ ಮಾಳಿಗೆ ಮೇಲೆ ನನ್ನ ಗ್ಯಾಸ್‌ಲೈಟು ಹಚ್ಚಿ ಹತ್ತು ನಿಮಿಷ ಉರಿಸಿದೆ. ಆಮೇಲೆ ಗಾಳಿ ಬಿಟ್ಟು ಆರಿಸಿದೆ. ನಾನು ಆಕೆಗೆ ಹೇಳಿದ ಎರಡು ಸಾಲನ್ನು ಹಂಗೇ ಪಾಲಿಸಿದೆ, ಕಾದಿರೋ ಬಟ್ಟಲಿಗೆ ಸ್ಪಿರಿಟ್ ಹಾಕಿದೆ. ಉದ್ದ ಕೋಲಿಗೆ ಚಮಚ ಕಟ್ಟಿಕೊಂಡು, ದೂರ ನಿಂತೇ ಹಾಕಿದೆ.

ಬಟ್ಟಲಿಗೆ ಬೀಳೋದೇ ತಡ, ಭಗ್ ಅಂತು. ಕೋಲಿನ ತುದಿ ಕಪ್ಪಾಯಿತು, ನನ್ನ ಮುಂಗೈ ರೋಮ ಚುರುಗುಟ್ಟಿ ಹೋಯಿತು. ಆಕೆ ಕೋಲು ಕಟ್ಟಿಕೊಂಡಿರಲ್ಲ. ಬಾಟಲಿಯಿಂದಲೇ ಬಗ್ಗಿಸಿರ್ತಾಳೆ.

'ಪೂರ್ತಿ ತಣ್ಣಗಾದ ಮೇಲೆ' ಅಂತ ಮೂರು ಪದ ಬರೆದಿದ್ದರೆ ಸಾಕಿತ್ತು. ಹುಡುಗರಿಗೆ ಆಗಿದ್ದರೆ ನೂರು ಸಲ ಹೇಳ್ತಿದ್ದೆ. ಇಲ್ಲಿ ಹನ್ನೊಂದು ಪದ ಅಂತ ಎಣಿಸ್ತಾ ಕೂತಿದ್ದೆ. ಥೂ ನನ್ನ ಜನ್ಮಕ್ಕೆ.

ಬಳಗದಲ್ಲಿ ಹುಡುಕಿದೆ. ಮಾತುಕತೆ ಇಲ್ಲ, ಹೆಸರಿಲ್ಲ, ನಂಬರಿಲ್ಲ. ಎಲ್ಲ ನಾನೇ ಅಳಿಸಿದ್ದೀನಿ.

ಏಪ್ರಿಲ್ 24, ಗುರುವಾರ

ಮಂಡಿಪೇಟೆಗೆ ಹೋದೆ. ಪ್ರಶಾಂತನ ಅಂಗಡಿಯಲ್ಲಿ ಕೊಳಗ, ಕೊಪ್ಪರಿಗೆ ನಡುವೆ ಕೂಡೋಕೆ ಜಾಗ ಸಿಗೋದೇ ಕಷ್ಟ. ಅವನಿಗೆ ಪೂರ್ತಿ ಹೇಳಲಿಲ್ಲ. "ಆ ಹರಿಹರದ ಹೆಣ್ಮಗಳ ಫೋಟೋ ನಿನ್ನ ಹತ್ರ ಐತೇನಪ್ಪಾ?" ಅಂದೆ.

"ಯಾಕೆ ಸರ್, ತೆಗೆದು ಹಾಕಿದ್ರಲ್ಲ?"

"ಐತೋ ಇಲ್ಲವೋ ಅಷ್ಟು ಹೇಳು."

ಅವನಿಗೆ ಬಂದ ಗ್ಯಾಸ್‌ಲೈಟಿನ ಫೋಟೋ ಎಲ್ಲ ಕೂಡಿಡೋ ಚಟ. ಪುಣ್ಯಕ್ಕೆ ಇತ್ತು. ದೊಡ್ಡದು ಮಾಡಿ ನೋಡಿದೆವು. ದೊಡ್ಡದು ಮಾಡಿ ಅಂತ ಬರೆಯೋಕೂ ಈಗ ಕೈ ಹಿಂದೇಟು ಹೊಡೀತದೆ. ಲೈಟಿನ ಹಿಂದೆ ತೆರೆದ ಬಾಗಿಲು, ಬಾಗಿಲಾಚೆ ಬೀದಿ, ಬೀದಿಯ ಆ ಕಡೆ ಒಂದು ಹಸಿರು ಬೋರ್ಡು. 'ಸಾಯಿಮಾ ಲೇಡೀಸ್ ಟೈ' ಅನ್ನೋವರೆಗೆ ಕಾಣ್ತದೆ.

ಪ್ರಶಾಂತ ನನ್ನ ಮುಖ ನೋಡಿದ. ಏನಾತು ಸರ್ ಅಂತ ಕೇಳಿದ. ಒಂಬತ್ತನೇ ನಿಯಮದಲ್ಲಿ ಒಂದು ತಪ್ಪಾಗಿದೆ ಅಂದೆ. ಅವನು ನಗಲಿಲ್ಲ.

ಏಪ್ರಿಲ್ 25, ಶುಕ್ರವಾರ

ಕಸ್ತೂರಿಗೆ ಪೆನ್ಶನ್ ಆಫೀಸು ಅಂತ ಸುಳ್ಳು ಹೇಳಿ ಹರಿಹರದ ಬಸ್ಸು ಹತ್ತಿದೆ.

ಇಳಿದವನು ಯಾರನ್ನು ಏನಂತ ಕೇಳಬೇಕೋ ಗೊತ್ತಾಗದೆ ಬಸ್‌ಸ್ಟ್ಯಾಂಡಿನಲ್ಲೇ ಕಾಲು ಗಂಟೆ ನಿಂತೆ. ಕೊನೆಗೆ ಒಬ್ಬ ಚಹದಂಗಡಿಯವನ ಹತ್ತಿರ ಹೋಗಿ, "ಒಂದು ಟೈಲರ್ ಅಂಗಡಿ ಬೇಕಿತ್ತು, ಸ್ವಲ್ಪ ಅರ್ಜೆಂಟ್ ಇತ್ತು" ಅಂದೆ.

"ಊರ ತುಂಬ ಟೈಲರ್ ಅದಾರ್ರಿ ಯಜಮಾನ್ರೆ. ಯಾರು, ಎಲ್ಲಿ, ಯಾಕ ಬೇಕು, ಸರಿಯಾಗಿ ಕೇಳ್ರಿ," ಅಂದ. ಬೈದಿದ್ದಲ್ಲ, ಬೆಂಚಿನ ಮೇಲೆ ಕೂಡಿಸಿ ನೀರು ಕೊಟ್ಟು ಕೇಳಿದ. ಪ್ರಶಾಂತ ಕಳಿಸಿದ್ದ ಫೋಟೋ ತೋರಿಸಿದೆ. ಅವನು ಪಕ್ಕದವನಿಗೆ ತೋರಿಸಿದ, ಅವನು ಆಟೋದವನಿಗೆ ತೋರಿಸಿದ. ನಾಲ್ಕು ಜನ ಗುಂಪು ಕಟ್ಟಿ ನನ್ನ ಅರ್ಜೆಂಟನ್ನು ತಮ್ಮ ಅರ್ಜೆಂಟು ಮಾಡಿಕೊಂಡರು. ಆಟೋದವನೇ ಹೊಳೆ ಕಡೆಯ ಒಂದು ಓಣಿಯ ಬಾಯಿಗೆ ಬಿಟ್ಟು ಹೋದ.

ಸಾಯಿಮಾ ಅನ್ನೋ ಹೆಣ್ಣುಮಗಳು ಬಾಗಿಲಲ್ಲೇ ಕೂತು ಕುಪ್ಪಸಕ್ಕೆ ಕೊಕ್ಕೆ ಹಾಕ್ತಿದ್ದಳು. "ಕೊಟ್ರವ್ವ ಅನ್ನೋರು ಇಲ್ಲೆಲ್ಲಾದರೂ…" ಅನ್ನೋದರೊಳಗೆ ಸೂಜಿ ನಿಲ್ಲಿಸಿ, "ಕೈ ಸುಟ್ಕಂಡಾರಲ್ಲ, ಆ ಕೊಟ್ರಕ್ಕಾರಾ? ಇದೇ ಎದುರಿಗಿನ ಮನೆ, ಹೋಗ್ರಿ," ಅಂದಳು.

ಎದುರಿನ ಬಾಗಿಲು ತೆರೆದಿತ್ತು. ತೋರಣ ಒಣಗಿ ಜೋತಾಡ್ತಿತ್ತು. ಒಳಗೆ ಯಾರೋ ಹೆಣ್ಣುಮಗಳು ಎಡಗೈಲಿ ಕಸ ಗುಡಿಸ್ತಿದ್ದಳು.

ನಾನು ತಿರುಗಿ ಬಂದುಬಿಟ್ಟೆ.

ಏಪ್ರಿಲ್ 26, ಶನಿವಾರ

ಬಳಗ ತೆರೆದಿಲ್ಲ. ಊಟ ಸೇರಲಿಲ್ಲ.

ಏಪ್ರಿಲ್ 27, ಭಾನುವಾರ

ಕಸ್ತೂರಿಗೆ ಎಲ್ಲ ಹೇಳಿದೆ. ಅವಳು ಬೆಳ್ಳುಳ್ಳಿ ಸುಲೀತಿದ್ದಳು, ನಾನು ಹೇಳಿ ಮುಗಿಸೋ ತನಕ ತಲೆ ಎತ್ತಲಿಲ್ಲ. ಮುಗಿದ ಮೇಲೆ ಮೊರ ಪಕ್ಕಕ್ಕಿಟ್ಟಳು.

"ಬಾಗಿಲ ತನಕ ಹೋಗಿ ವಾಪಸ್ ಬಂದ್ರಾ?"

"ಹೂಂ."

"ಪೊಲೀಸ್ ಕೇಸ್ ಆಗ್ತೈತೆ ಅಂತಲೋ?"

ಅಲ್ಲ ಅಂದೆ. ಅದು ತಲೆಗೇ ಬಂದಿರಲಿಲ್ಲ. ಆ ಹೆಣ್ಣುಮಗಳು 'ಅಣ್ಣಾರೆ' ಅಂತ ಕರೀತಾಳೆ, ಅದನ್ನು ಕೇಳೋ ಧೈರ್ಯ ಇರಲಿಲ್ಲ. ಅಷ್ಟು ಹೇಳೋದರೊಳಗೆ ನನಗೆ ಅಳು ಬಂತು. ಅರವತ್ತಮೂರು ವರ್ಷದ ಗಂಡಸು, ಬೆಳ್ಳುಳ್ಳಿ ಸಿಪ್ಪೆ ಮುಂದೆ ಕೂತು ಅತ್ತೆ.

ಸಮಾಧಾನ ಮಾಡ್ತಾಳೆ ಅಂದುಕೊಂಡಿದ್ದೆ. "ಮೂವತ್ತಾರು ವರ್ಷದಿಂದ ನಾನು ಏನಾದ್ರೂ ಹೇಳೋಕೆ ಬಂದ್ರೂ ಹಂಗೇ ಅಲ್ಲವಾ ನೀವು? 'ವಿಷಯಕ್ಕೆ ಬಾ, ವಿಷಯಕ್ಕೆ ಬಾ'. ವಿಷಯ ಅಲ್ಲೇ ಇರ್ತೈತೆ, ನೀವು ಕೇಳಲ್ಲ," ಅಂದಳು. ಆಮೇಲೆ ಮೊರ ಎತ್ತಿಕೊಂಡು, "ನಾಳೆ ನಾನೂ ಬರ್ತೀನಿ. ಮದುವೆಯಾದ ಮನೆಗೆ ಬರಿಗೈಲಿ ಹೋಗಬಾರದು, ಒಂದು ಕುಪ್ಪಸದ ಕಣ ತಗೋಬೇಕು," ಅಂದಳು.

ಏಪ್ರಿಲ್ 28, ಸೋಮವಾರ

ನೆನಪಿರೋವಾಗಲೇ ಎಲ್ಲ ಬರೆದಿಡ್ತೀನಿ.

ಬಾಗಿಲಲ್ಲಿ ಕಸ್ತೂರಿಯೇ ಮುಂದೆ ನಿಂತಳು. "ಬರ್ರಿ, ಒಳಗೆ ಬರ್ರಿ, ಕೂಡ್ರಿ," ಅಂತ ಚಾಪೆ ಹಾಸಿದರು ಕೊಟ್ರವ್ವ. ಐವತ್ತರ ಆಸುಪಾಸು, ತೆಳ್ಳಗಿನ ಜೀವ. ಬಲಗೈ ಮೊಣಕೈ ತನಕ ಬಿಳಿ ಬಟ್ಟೆ ಸುತ್ತಿತ್ತು, ಬೆರಳ ತುದಿ ಮಾತ್ರ ಕಾಣ್ತಿತ್ತು, ಹೊಸ ಚರ್ಮ ಗುಲಾಬಿ ಬಣ್ಣಕ್ಕಿತ್ತು. ಯಾರು ಎತ್ತ ಅಂತ ಕೇಳೋ ಮೊದಲೇ ನೀರು ಕೊಟ್ಟರು. ನಾನು ವಾಮದೇವಪ್ಪ, ಗ್ಯಾಸ್‌ಲೈಟ್ ಬಳಗದವನು ಅಂದೆ.

ಅವರು ದಡಕ್ಕನೆ ಎದ್ದು ಸೆರಗು ಹೊದ್ದುಕೊಂಡರು. "ಅಯ್ಯ ಶಿವನ! ಅಣ್ಣಾರಾ? ನೀವ್ಯಾಕ ಬರಾಕ ಹೋದ್ರಿ? ತಪ್ಪು ನಂದ ಐತ್ರಿ. ಬಂದು ಹೇಳಲಿಲ್ಲ ಅಂತ ಹೆಸರು ತಗದ್ರಿ, ಖರೆ ಐತಿ."

ಕಸ್ತೂರಿಯೇ, "ಕೈ ಸುಟ್ಟಿದ್ದನ್ನಾದರೂ ಒಂದು ಮಾತು ಬರೆಸಬಾರದಿತ್ತೇನ್ರಿ?" ಅಂದಳು.

"ಹೆಂಗ ಬರಸ್ಲಿರಿ? ರಿಪೇರಿ ಆದ ಮ್ಯಾಲೆ ಬಂದು ಹೇಳ್ರಿ, ಅರ್ಧಕ್ಕ ಬಂದು ಗೋಳಾಡಬ್ಯಾಡ್ರಿ ಅಂತ ಅಣ್ಣಾರು ಬರದಾರಲ್ಲ. ಮಗಳು ಬಿಂದು ಓದಿ ಹೇಳಿದ್ಲು. ರಿಪೇರಿ ಆಗಿರಲಿಲ್ರಿ. ನಾನ ಏನೋ ತಪ್ಪು ಮಾಡಿರಬೇಕು, ಕೈ ವಾಸಿ ಆಗ್ಲಿ, ಇನ್ನೊಂದು ಸಲ ಅಣ್ಣಾರು ಹೇಳಿದಂಗ ಮಾಡಿ ನೋಡಿ, ಆತು ಅಂತ ಹೇಳೋಣ ಅಂದ್ಕಂಡಿದ್ದೆ."

ಇನ್ನೊಂದು ಸಲ! ನಾನು ಹೇಳಿದಂಗೆ!

ಆಗ ಬಾಯಿ ಬಿಟ್ಟೆ. ಒಂದೂ ಮುಚ್ಚಿಡದೆ ಹೇಳಿದೆ. ನೀವು ಸರಿಯಾಗೇ ಹೇಳಿದ್ದಿರಿ ತಂಗಿ, ನಾನು ತಪ್ಪು ತಿಳ್ಕೊಂಡೆ, ಮದುವೆ ಮಾತು ನಾನೇ ಹೊಡೆದುಹಾಕಿದೆ, ತಣ್ಣಗಾದ ಮೇಲೆ ಅಂತ ಹೇಳಲಿಲ್ಲ, ತಪ್ಪೆಲ್ಲ ನಂದು, ನಿಮ್ಮದು ಒಂದು ಕೂದಲಷ್ಟೂ ಇಲ್ಲ. ಹೇಳ್ತಾ ಹೇಳ್ತಾ ಅವರ ಮುಖ ಬದಲಾಯಿತು. ಇಷ್ಟು ದಿನ ತಮ್ಮದೇ ತಪ್ಪು ಅಂತ ನಂಬಿಕೊಂಡಿದ್ದರಲ್ಲ, ಆ ನಂಬಿಕೆ ಹೋಗಿ ಸಿಟ್ಟು ಬರೋಕೆ ಸ್ವಲ್ಪ ಹೊತ್ತು ಹಿಡೀತು.

"ಒಂದು ಮಾತು ಕೇಳಬಾರದಾಗಿತ್ತೇನ್ರಿ ಅಣ್ಣಾರೆ?" ಅಂದರು. "ದೊಡ್ಡದಾಗ್ತೈತಿ ಅಂದ್ರ ಏನವ್ವಾ ಅಂತ?"

ಕೇಳಬೇಕಿತ್ತು ಅಂದೆ.

"ನಮ್ಮಪ್ಪ ಗುತ್ತೆಪ್ಪ ಅಂತ, ಮಂದಿ ಮದಿವ್ಯಾಗ ಈ ಲೈಟು ತಲಿ ಮ್ಯಾಲೆ ಹೊತ್ತು ನಡದಾಂವ. ಕೂದ್ಲೆಲ್ಲ ಉದುರಿ ಹೋಗಿತ್ತು. ನನ್ನ ಮದಿವ್ಯಾಗೂ ತಾನ ಹೊತ್ತ, ಬ್ಯಾರೆ ಯಾರಿಗೂ ಕೊಡಲಿಲ್ಲ. ಬಿಂದುಗ ಸಣ್ಣಾಕಿದ್ದಾಗಿಂದ ಹೇಳ್ತಿದ್ದೆ, ನಿನ್ನ ಮದಿವ್ಯಾಗ ನಾನ ಹಿಡೀತೀನಿ ಅಂತ." ಬಟ್ಟೆ ಸುತ್ತಿದ ಕೈ ನೋಡಿಕೊಂಡರು. "ಮೆರವಣಿಗಿ ಕರೆಂಟ್ ಲೈಟಿನ್ಯಾಗ ಆತು. ಅದು ಹೋಗ್ಲಿ ಬಿಡ್ರಿ. ಮಗಳ ತಲಿ ಮ್ಯಾಲೆ ಅಕ್ಕಿಕಾಳು ಎಡಗೈಲಿ ಹಾಕಿದೆ. ಹೆತ್ತಾಕಿ ಎಡಗೈಲಿ."

ಕಸ್ತೂರಿ ಅವರ ಪಕ್ಕಕ್ಕೆ ಸರಿದು ಕೂತಳು. ನನಗೆ ಮಾತ್ರ ಎಲ್ಲಿ ಕೂಡಬೇಕೋ ಎಲ್ಲಿ ನೋಡಬೇಕೋ ತಿಳೀಲಿಲ್ಲ. ಕ್ಷಮಿಸಿಬಿಡಿ ಅಂತ ಕೇಳೋಕೆ ಬಾಯಿವರೆಗೆ ಬಂದಿತ್ತು, ಕೇಳಲಿಲ್ಲ. ಕೇಳಿದ್ದರೆ ಪಾಪ, ಆಗಲಿ ಅಂದೇ ಬಿಡ್ತಿದ್ದರು. ಹಂಗೆ ಅನ್ನಿಸಿಕೊಳ್ಳೋದು ನನಗೆ ಬೇಡವಾಗಿತ್ತು.

ಅವರೇ ಕಣ್ಣೊರೆಸಿಕೊಂಡು ಒಳಗೆ ಹೋಗಿ ಎಡಗೈಲಿ ಲೈಟು ತಂದು ನನ್ನ ಮುಂದೆ ಇಟ್ಟರು. "ಬಸವ ಜಯಂತಿಗೆ, ನಾಡದು, ಬಿಂದು ಅಳಿಯನ ಕರಕೊಂಡು ಬರ್ತಾಳೆ. ಅಷ್ಟರಾಗ ಆಗ್ತೈತೇನ್ರಿ?"

ಟ್ಯಾಂಕಿನ ಮುಚ್ಚಳ ತಿರುಗಿಸಿ ತೆಗೆದೆ. ಒಳಗಿನ ವಾಷರ್ ಒಣಗಿ ಕಲ್ಲಾಗಿತ್ತು, ಉಗುರು ತಾಕಿದರೆ ಪುಡಿ ಉದುರಿತು. ಗಾಳಿ ಅಲ್ಲಿಂದಲೇ ಸೋರಿ ಹತ್ತು ನಿಮಿಷಕ್ಕೆ ಖಾಲಿ. ಒಂದು ವಾಷರ್! ಪಂಪು ಮಾಡಿದ ಮೇಲೆ ಮುಚ್ಚಳದ ಹತ್ತಿರ ಸದ್ದು ಬರ್ತದಾ ತಾಯಿ, ಅಂತ ಕೇಳಿದ್ದರೆ ಫೋನಿನಲ್ಲೇ ಮುಗೀತಿತ್ತು. ಆಗ್ತದೆ, ನಾನೇ ಬರ್ತೀನಿ ಅಂದೆ. ಕುಪ್ಪಸದ ಕಣ ಕೊಟ್ಟಾಗ ಕೊಟ್ರವ್ವ ಎಡಗೈ ಚಾಚಿದವರು ತಡೆದು, ಬಲಗೈ ಬೆರಳ ತುದಿಯಿಂದ ಕಷ್ಟಪಟ್ಟು ಹಿಡಿದುಕೊಂಡರು.

ಬಸ್ಸಿನಲ್ಲಿ ಕಸ್ತೂರಿ ಅವರ ಮನೆಯ ಮಜ್ಜಿಗೆ ರುಚಿ, ಸಾಯಿಮಾ ಹೊಲಿಗೆ, ಓಣಿಯ ನೀರಿನ ತಾಪತ್ರಯ ಎಲ್ಲ ಹೇಳ್ತಾ ಬಂದಳು. ದಾವಣಗೆರೆ ಬಂದಿದ್ದೇ ಗೊತ್ತಾಗಲಿಲ್ಲ.

ಏಪ್ರಿಲ್ 29, ಮಂಗಳವಾರ

ಪ್ರಶಾಂತನ ಅಂಗಡಿಯಿಂದ ನಾಲ್ಕು ಥರದ ವಾಷರ್, ಎರಡು ಮ್ಯಾಂಟಲ್ ಬತ್ತಿ ತಂದೆ. ಅವನಿಗೂ ಎಲ್ಲ ಹೇಳಿದೆ. ಕೇಳಿಸಿಕೊಂಡು, ಒಂದು ಹೊಸ ಪಿನ್ನು ತಾನಾಗಿಯೇ ಪೊಟ್ಟಣದಲ್ಲಿ ಹಾಕಿದ.

ಆಮೇಲೆ ಬಳಗದಲ್ಲಿ ಬರೆದೆ. ಏನು ಕೇಳಿದರು, ನಾನು ಏನು ತಿಳ್ಕೊಂಡೆ, ಏನು ಹೇಳಿದೆ, ಏನಾಯಿತು, ಎಲ್ಲ. ಬಿಸಿ ಬಟ್ಟಲಿಗೆ ಸ್ಪಿರಿಟ್ ಹಾಕಬೇಡಿ ಅಂತ ಮೇಲೂ ಕೆಳಗೂ ಬರೆದೆ. ಕೊಟ್ರವ್ವನ ಹೆಸರು ಹಾಕಲಿಲ್ಲ, ನನ್ನದು ಹಾಕಿದೆ. ಬಯ್ಯೋರು ಬೈದರು. ಒಬ್ಬ ಉಸ್ತುವಾರಿ ಬಿಡಿ ಅಂದ. ಬಿಡಲಾ ಅಂತ ಪ್ರಶಾಂತನಿಗೆ ಕೇಳ್ತೀನಿ. ಬರೆದದ್ದು ಎಷ್ಟು ಉದ್ದ ಆಯಿತೋ ಎಣಿಸಲಿಲ್ಲ. ಆರನೇ ನಿಯಮ ತೆಗೆದೆ, ಒಂಬತ್ತನ್ನೂ ತೆಗೆದೆ. ಈಗ ಐದಾದ ಮೇಲೆ ಏಳು, ಎಂಟಾದ ಮೇಲೆ ಹತ್ತು, ನೋಡೋಕೆ ಅಸಹ್ಯವಾಗಿದೆ. ಇರಲಿ ಬಿಡು.

ಹನುಮಂತಪ್ಪನನ್ನು ಹುಡುಕಿ, 'ಸೊಂಯ್ ಅಂದರೆ ಹೆಂಗೆ ಅಣ್ಣಾ, ಕುಕ್ಕರ್ ಸೀಟಿ ಹೊಡೆಯೋ ಮುಂಚೆ ಅಂತದಲ್ಲ ಹಂಗಾ, ಅಥವಾ ಸೈಕಲ್ ಟ್ಯೂಬಿನ ಗಾಳಿ ಹೋದಂಗಾ?' ಅಂತ ಕೇಳಿದೆ. ತಡ ಮಾಡದೆ ಉತ್ತರ ಬಂತು: 'ಸರ್, ನಮ್ಮನೇಲಿ ಕೂಸು ನಿದ್ದೆಗಣ್ಣಲ್ಲಿ ರಾಗ ತೆಗೀತದಲ್ಲ, ಹಂಗೆ.' ಓದಿದ ಕೂಡಲೇ ತಿಳೀತು. ನಿಪ್ಪಲ್ಲಿನಲ್ಲಿ ಕಸ ಸಿಕ್ಕಿದೆ.

ಏಪ್ರಿಲ್ 30, ಬುಧವಾರ. ಬಸವ ಜಯಂತಿ

ಮಧ್ಯಾಹ್ನವೇ ಹರಿಹರಕ್ಕೆ ಹೋಗಿ ವಾಷರ್ ಬದಲಿಸಿ ಕೂತಿದ್ದೆವು. ಒಂದೊಂದು ಹೆಜ್ಜೆಯೂ ಕೊಟ್ರವ್ವನಿಗೆ ತೋರಿಸಿ, ಹಿಂಗೆ ಮಾಡಲಾ, ಹಿಂಗೆ ಅಂದರೆ ಸರಿಯಾ ಅಂತ ಕೇಳ್ತಾ ಮಾಡಿದೆ. "ಎಷ್ಟು ಕೇಳ್ತೀರಿ ಅಣ್ಣಾರೆ," ಅಂದರು ಒಂದು ಸಲ. ಬಿಗಿಯಾಗಿಯೇ ಅಂದರು.

ಮುಸ್ಸಂಜೆಗೆ ಬಿಂದು, ಅಳಿಯ ಸ್ಕೂಟರಿನಲ್ಲಿ ಬಂದರು. ಓಣಿಯ ಬಾಯಲ್ಲೇ ಸಾಯಿಮಾ ಅವರನ್ನು ತಡೆದು ನಿಲ್ಲಿಸಿದಳು. ನಾನು ಲೈಟು ಹಚ್ಚಿದೆ. ಮೊದಲು ನೀಲಿಗೆ ಮಿಣುಕಿ, ಆಮೇಲೆ ಭರ್ ಅಂತ ಬಿಳೀ ಬೆಳಕು ಬಂದು ಓಣಿಯ ಗೋಡೆ ಎಲ್ಲ ಕಂಡವು. ಕೊಟ್ರವ್ವನಿಗೆ ಹೊರೋಕೆ ಆಗಲ್ಲ, ಕೈ ಇನ್ನೂ ಮಾಗಿಲ್ಲ. ಹಿಡಿಕೆಯ ಒಂದು ಕಡೆ ಅವರ ಎಡಗೈ, ಇನ್ನೊಂದು ಕಡೆ ನನ್ನ ಕೈ. ಹಂಗೇ ಮಗಳು ಅಳಿಯನ ಮುಂದೆ ಮನೆ ತನಕ ನಡೆದೆವು. ಅರವತ್ತು ಹೆಜ್ಜೆ ಇದ್ದೀತು. ಬಿಂದು ಅಳ್ತಾ ಬಂದಳು. ಕೊಟ್ರವ್ವ ಅಳಲಿಲ್ಲ, ನೆಟ್ಟಗೆ ಮುಂದೆ ನೋಡ್ತಾ ನಡೆದರು. ನನ್ನ ಕಡೆ ತಿರುಗಲಿಲ್ಲ.

ಬಾಗಿಲ ಮುಂದೆ ಇಟ್ಟ ಲೈಟು ಮುಕ್ಕಾಲು ಗಂಟೆ ಒಂದೇ ಸಮ ಉರಿಯಿತು. ಹೋಳಿಗೆ ಊಟ ಆಯಿತು. ಹುಳ ಬರೋಕೆ ಶುರುವಾದಾಗ ಕೊಟ್ರವ್ವ ಒಳಗಿಂದ, "ಸಾಕ್ರಿ ಅಣ್ಣಾರೆ, ಇನ್ನ ದೊಡ್ಡದು ಮಾಡ್ರಿ," ಅಂದರು.

ಸ್ಕ್ರೂ ಮೇಲೆ ಕೈ ಇಟ್ಟಿದ್ದೆ. ಗೊತ್ತಿತ್ತು. ಗೊತ್ತಿದ್ದೂ ಕೈ ತಿರುಗಲಿಲ್ಲ.

"ದೊಡ್ಡದು ಅಂದರೆ ಹೆಂಗೆ ತಂಗಿ?" ಅಂತ ಕೇಳಿದೆ.

ಬಿಂದು, ಅಳಿಯ, ಕಸ್ತೂರಿ ಎಲ್ಲ ಗೊ‍ಳ್ಳನೆ ನಕ್ಕರು. ಕೊಟ್ರವ್ವ ನಗಲಿಲ್ಲ. ಹೊರಗೆ ಬಂದು ನನ್ನ ಎದುರಿಗೆ ಕುಕ್ಕರುಗಾಲಲ್ಲಿ ಕೂತರು. ಬೆಳಕಿನಲ್ಲಿ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ನನ್ನ ಕೈ ಸರಿಸಿ, "ಹಿಂಗ್ರಿ," ಅಂತ ತಾವೇ ಬಲಗೈ ಬೆರಳಲ್ಲಿ ಸ್ಕ್ರೂ ತಿರುಗಿಸಿದರು. ಸುಯ್ ಅಂತ ಗಾಳಿ ಹೋಗಿ ದೀಪ ನಿಧಾನಕ್ಕೆ ದೊಡ್ಡದಾಯಿತು.